ಎಫ್‌ಪಿಜಿಎ ಕಿಟ್ಟಿಗೆ ಬೆಲೆ ಕಟ್ಟುವ ಬಗೆ

ಎಫ್‌ಪಿಜಿಎ ಎಂದರೆ ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಒಳಗಿನ ಸರ್ಕ್ಯೂಟನ್ನು ಬಳಸುವವರೇ ಮತ್ತೆ ಮತ್ತೆ ಬದಲಿಸಿಕೊಳ್ಳಬಹುದಾದ ಚಿಪ್. ಜೈಲಿಂಕ್ಸ್ ಕಂಪನಿ 1985ರಲ್ಲಿ ಇಂಥ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. 2022ರಿಂದ ಆ ಕಂಪನಿ ಎಎಂಡಿಯ ಪಾಲಾಗಿದೆ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದರ ಪರಿಚಯ ಹೆಚ್ಚಾಗಿ ಎಚ್‌ಡಿಎಲ್ (ಸರ್ಕ್ಯೂಟನ್ನು ಕೋಡಿನಲ್ಲಿ ವಿವರಿಸುವ ಭಾಷೆ) ಲ್ಯಾಬಿನಲ್ಲಿ ಆಗುತ್ತದೆ. ವಿಟಿಯುವಿನ 2018ರ ಸ್ಕೀಮಿನಲ್ಲಿ 5ನೇ ಸೆಮಿಸ್ಟರಿನ ಈ ಲ್ಯಾಬಿನ ಒಂದು ಭಾಗವೇ ಸ್ಟೆಪರ್ ಮೋಟಾರು, ಡಿಸಿ ಮೋಟಾರುಗಳನ್ನು ಬೋರ್ಡಿಗೆ ಜೋಡಿಸಿ ನಡೆಸುವುದಾಗಿತ್ತು. ಬೋರ್ಡಿನ ಜೊತೆ ಮೋಟಾರು, ರಿಲೇ, ಸೆನ್ಸರ್, ಡಿಸ್‌ಪ್ಲೇ ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದ ಕಿಟ್ಟು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೂ ಇಂಥ ಲ್ಯಾಬಿನಲ್ಲೇ.

ಜೇವರ್ಗಿ ತಾಲ್ಲೂಕಿನ ಅಂದೋಲಾದಂಥ ಊರಿನಿಂದ ಕಲಬುರಗಿಗೆ ಓದಲು ಬಂದವರ ಮನೆಯಲ್ಲಿ ಇಂಥ ಖರ್ಚು ಹೊರಡುವುದು ತೊಗರಿ ದುಡ್ಡಿನಿಂದ. ಕಿಟ್ಟಿನ ಕೊಟೇಶನ್ 16,000 ರೂಪಾಯಿ ಎಂದಿಟ್ಟುಕೊಂಡರೆ, 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿಯಂತೆ ಅದು 2 ಕ್ವಿಂಟಲ್ ತೊಗರಿ. ಕೊಟೇಶನ್ನಿನ ಅಡಿಯಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿದ್ದರೆ ಶೇ 18ರಂತೆ ಇನ್ನೂ 2,880 ರೂಪಾಯಿ ಸೇರುತ್ತದೆ. ನೋಂದಣಿ ಇರುವ ವ್ಯಾಪಾರಿ ಆ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಬಲ್ಲ; ವಿದ್ಯಾರ್ಥಿಯ ಮನೆಗೆ ಆ ದಾರಿ ಇಲ್ಲ.

ಬೆಲೆ ಕಟ್ಟುವಾಗ ಮೊದಲು ಹಿಡಿಯಬೇಕಾದದ್ದು ಚಿಪ್ಪನ್ನು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದು ‘ಲಾಜಿಕ್ ಸೆಲ್’ ಎಂಬ ಸಂಖ್ಯೆ. ವಿನ್ಯಾಸ ನಿಜವಾಗಿ ಕೂರುವುದು ಲುಕ್‌ಅಪ್ ಟೇಬಲ್‌ಗಳಲ್ಲಿ. ಡಿಜಿಲೆಂಟ್ ಕಂಪನಿಯ ಬೇಸಿಸ್ 3 ಬೋರ್ಡಿನ ಆರ್ಟಿಕ್ಸ್-7 ಚಿಪ್ಪಿನಲ್ಲಿ 33,280 ಲಾಜಿಕ್ ಸೆಲ್ ಎಂದಿದ್ದರೂ ಲುಕ್‌ಅಪ್ ಟೇಬಲ್‌ಗಳು 20,800. ಬೆಂಗಳೂರಿನ ನ್ಯೂಮ್ಯಾಟೊ ಲ್ಯಾಬ್ ತಯಾರಿಸಿದ ಮೈಮಸ್ ವಿ2 ಬೋರ್ಡಿನ ಸ್ಪಾರ್ಟನ್-6 ಚಿಪ್ಪಿನಲ್ಲಿ 9,152 ಸೆಲ್‌ಗಳಿಗೆ 5,720 ಟೇಬಲ್‌ಗಳು. ಎರಡು ಕಿಟ್ಟುಗಳನ್ನು ಹೋಲಿಸುವವರು ಒಂದರ ಸೆಲ್ಲನ್ನು ಇನ್ನೊಂದರ ಟೇಬಲ್ಲಿನ ಪಕ್ಕ ಇಡಬಾರದು. ಲ್ಯಾಬಿನ ಕೌಂಟರ್, ಮೋಟಾರು ಪ್ರಯೋಗಗಳಿಗಾದರೆ ಈ ಎರಡರಲ್ಲಿ ಚಿಕ್ಕದೂ ಬೇಕಾದಷ್ಟಾಯಿತು.

ಚಿಪ್ಪಿನ ಗಾತ್ರಕ್ಕಿಂತ ಅದರ ಸಾಫ್ಟ್‌ವೇರಿನ ಆಯುಷ್ಯವೇ ಹೆಚ್ಚು ತೂಕದ್ದು. ಕಿಟ್ ಕೊಳ್ಳುವವರು ಕಡಿಮೆ ವಿಚಾರಿಸುವ ವಿಷಯವೂ ಇದೇ. ಸ್ಪಾರ್ಟನ್-6 ನಡೆಯುವುದು ಐಎಸ್‌ಇ ಎಂಬ ಹಳೆಯ ಸಾಫ್ಟ್‌ವೇರಿನಲ್ಲಿ. ಅದರ ಕೊನೆಯ ಆವೃತ್ತಿ 14.7 ಬಂದದ್ದು 2013ರಲ್ಲಿ. ಐಎಸ್‌ಇ ಬದಲಿಗೆ ಬಂದ ವಿವಾಡೊ ಸ್ಪಾರ್ಟನ್-6 ಅನ್ನು ಗುರುತಿಸುವುದೇ ಇಲ್ಲ. ವಿಂಡೋಸ್ 10ಕ್ಕೆ ಐಎಸ್‌ಇ ಕೊಟ್ಟದ್ದು ವರ್ಚುವಲ್ ಮಷೀನಿನ ರೂಪದಲ್ಲಿ; ಕಡಿಮೆ ರ‍್ಯಾಮ್ ಇರುವ ಲ್ಯಾಪ್‌ಟಾಪಿಗೆ ಅದು ಭಾರ. ಆಲ್ಟೆರಾ ಕಂಪನಿಯ ಸೈಕ್ಲೋನ್-2 ಬೋರ್ಡುಗಳದ್ದೂ ಇದೇ ಕಥೆ: ಅವುಗಳ ಸಾಫ್ಟ್‌ವೇರ್ ಕ್ವಾರ್ಟಸ್‌ನಲ್ಲಿ 13.0ರ ಆಚೆಗೆ ಅವಕ್ಕೆ ಬೆಂಬಲವಿಲ್ಲ. ಅಗ್ಗಕ್ಕೆ ಸಿಗುವ ಕಿಟ್ಟಿನಲ್ಲಿ ಇಂಥ ಚಿಪ್ ಇದ್ದರೆ, ಕಾಲೇಜಿನ ಲ್ಯಾಬಿನಲ್ಲಿ ಅದೇ ಚಿಪ್ ಬಳಕೆಯಲ್ಲಿದ್ದಾಗ ಮಾತ್ರ ಆ ಅಗ್ಗಕ್ಕೆ ಅರ್ಥ. ಆರ್ಟಿಕ್ಸ್-7ಕ್ಕೆ ವಿವಾಡೊದ ಉಚಿತ ಆವೃತ್ತಿ ಸಾಕು. ಆದರೆ ಅದರ ಡೌನ್‌ಲೋಡು ಹತ್ತಾರು ಜಿಬಿ. ಹಳ್ಳಿಯಲ್ಲಿ ಮೊಬೈಲ್ ಡೇಟಾ ನಂಬಿ ಕೂರುವ ಬದಲು ಕಾಲೇಜಿನಲ್ಲೇ ಹಾಕಿಸಿಕೊಂಡು ಬರುವುದು ಲೇಸು.

ಕಿಟ್ಟಿನೊಳಗಿನ ಲೈಸೆನ್ಸ್ ವೋಚರಿಗೂ ಬೆಲೆ ಹಚ್ಚಿರುತ್ತಾರೆ. 2015ರಲ್ಲಿ 99 ಡಾಲರಿಗೆ ಬಂದ ಆರ್ಟಿ ಬೋರ್ಡಿನ ಜೊತೆ ವಿವಾಡೊ ಡಿಸೈನ್ ಎಡಿಷನ್ನಿನ ವೋಚರ್ ಇತ್ತು. ಅದು ಆ ಬೋರ್ಡಿನಲ್ಲಿದ್ದ ಚಿಪ್ಪಿಗೆ ಮಾತ್ರ ಸಲ್ಲುವಂಥದ್ದು. ಆ ಚಿಪ್ಪಿಗೆ ಉಚಿತ ಆವೃತ್ತಿಯೂ ಇರುವಾಗ, ಕಲಿಯುವವರ ಲೆಕ್ಕದಲ್ಲಿ ವೋಚರಿಗೆ ಅದರ ಮೇಲೆ ಬರೆದ ಬೆಲೆ ಹಿಡಿಯುವಂತಿಲ್ಲ.

ಇನ್ನು ಜೊತೆ ಸಾಮಾನು. ಬೇಸಿಸ್ 3ರ ಮೇಲೆಯೇ 16 ಸ್ವಿಚ್ಚು, 16 ಎಲ್‌ಇಡಿ, 4 ಅಂಕಿಯ ಡಿಸ್‌ಪ್ಲೇ, ಯುಎಸ್‌ಬಿ ಪ್ರೋಗ್ರಾಮರ್ ಇವೆ; ಇದಕ್ಕೆ ಎಲ್‌ಇಡಿ ಕಾರ್ಡು, ಸ್ವಿಚ್ ಕಾರ್ಡು ಸೇರಿಸಿದರೆ ಡಬ್ಬಿ ದೊಡ್ಡದಾಗುತ್ತದೆಯೇ ಹೊರತು ಕಿಟ್ಟಿನ ಮೌಲ್ಯ ಏರುವುದಿಲ್ಲ. ಬೋರ್ಡಿನಲ್ಲಿ ಪ್ರೋಗ್ರಾಮರ್ ಇಲ್ಲದಿದ್ದರೆ ಪ್ರೋಗ್ರಾಮರ್ ಕೇಬಲ್ಲಿಗೆ ಪೂರ್ತಿ ಬೆಲೆ ಕೊಡಬೇಕು, ಏಕೆಂದರೆ ಅದಿಲ್ಲದೆ ಬೋರ್ಡು ನಿರುಪಯೋಗಿ. ವೋಲ್ಟೇಜನ್ನೂ ನೋಡಬೇಕು: ಆರ್ಟಿಕ್ಸ್-7ರ ಪಿನ್ನುಗಳು 3.3 ವೋಲ್ಟಿನವು, ಹೆಚ್ಚಾಗಿ ಸಿಗುವ ಅಲ್ಟ್ರಾಸಾನಿಕ್ ಸೆನ್ಸರ್ 5 ವೋಲ್ಟಿನದು. ನಡುವೆ ಲೆವೆಲ್ ಶಿಫ್ಟರ್ ಕೊಡದ ಕಿಟ್ಟು ಸೆನ್ಸರಿನ ಜೊತೆ ಬೋರ್ಡು ಸುಡುವ ಅಪಾಯವನ್ನೂ ಮಾರುತ್ತದೆ. ಇಂಥ ಕಿಟ್ಟುಗಳನ್ನು ಬಳಸಿದ ಈ ಅಂಕಣಕಾರನ ಅನುಭವದಲ್ಲಿ ಕೊನೆಯವರೆಗೂ ಕೆಲಸಕ್ಕೆ ಬಂದದ್ದು ಬೋರ್ಡು, ಕೇಬಲ್ಲು ಮತ್ತು ಮೋಟಾರು ಡ್ರೈವರ್ ಮಾತ್ರ.

ಆದ್ದರಿಂದ ಲೆಕ್ಕವನ್ನು ಬರೆದೇ ನೋಡಬೇಕು. ಬರೀ ಬೋರ್ಡು 12,000 ರೂಪಾಯಿಗೆ ಸಿಗುವುದಾದರೆ, ನಿಜಕ್ಕೂ ಬೇಕಾದ ಬಿಡಿ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ 1,500 ಆಗುವುದಾದರೆ, 16,000ದ ಕಿಟ್ಟಿನಲ್ಲಿ 2,500 ಹೆಚ್ಚುವರಿ. ಬಿಡಿ ಸಾಮಾನು ತರಿಸುವ ಕೊರಿಯರ್ ಖರ್ಚು, ಒಂದೇ ಕಡೆಯ ವಾರಂಟಿ, ಜೊತೆಗೆ ಬಂದ ಪ್ರಯೋಗಗಳ ಪುಸ್ತಕ ಇವು ಅಷ್ಟು ಹಣಕ್ಕೆ ಸಮವೇ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಕೊಳ್ಳುವ ಹೊತ್ತೂ ಲೆಕ್ಕದ ಭಾಗ. ಎಚ್‌ಡಿಎಲ್ ಭಾಷೆಯಾದ ವೆರಿಲಾಗ್ ಕಲಿಕೆಯ ಮೊದಲ ಹಂತಕ್ಕೆ ಬೋರ್ಡೇ ಬೇಡ, ಸಿಮ್ಯುಲೇಶನ್ ಸಾಕು. ಅದಕ್ಕೆ ಉಚಿತವಾಗಿ ಸಿಗುವ ಐಕಾರಸ್ ವೆರಿಲಾಗ್, ಜಿಟಿಕೆವೇವ್ ಸಾಫ್ಟ್‌ವೇರುಗಳು ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ತೊಗರಿ ರಾಶಿಯಾಗಿ ದುಡ್ಡು ಬರುವವರೆಗೆ ಅವುಗಳಲ್ಲಿ ಕೈ ಪಳಗಿಸಿಕೊಂಡರೆ ಸಾಲ ಮಾಡಿ ಕೊಳ್ಳುವ ಅವಸರ ಇರುವುದಿಲ್ಲ. ನಾಲ್ವರು ಸೇರಿ ಕೊಂಡರೆ ತೆರಿಗೆ ಸೇರಿ 18,880 ರೂಪಾಯಿಯಲ್ಲಿ ತಲೆಗೆ 4,720. ಓದು ಮುಗಿದ ಮೇಲೆ ಜೂನಿಯರ್‌ಗಳು ಕೊಳ್ಳುವುದು ಸಾಫ್ಟ್‌ವೇರ್ ಇನ್ನೂ ನಡೆಯುವ ಬೋರ್ಡನ್ನು; ಅದಕ್ಕೆ 8,000 ಸಿಕ್ಕರೂ ಒಬ್ಬೊಬ್ಬರಿಗೆ ತಗುಲಿದ ನಿಜವಾದ ಖರ್ಚು 2,720ಕ್ಕೆ ಇಳಿಯುತ್ತದೆ.