ಮೀನು ಬೆಳಗಿನ ಜಾವವೇ ಯಾಕೆ ಸಾಯುತ್ತದೆ?

ನಮ್ಮ ಬೊಮ್ಮನಹಳ್ಳಿ ಸುತ್ತಿನ ಕೆರೆಗಳಲ್ಲಿ ಮೀನು ಸತ್ತು ತೇಲಿದರೆ "ಯಾರೋ ವಿಷ ಹಾಕಿದಾರೆ" ಅನ್ನೋದೇ ಮೊದಲ ಮಾತು. ನಾನೂ ಹಾಗೇ ನಂಬಿದ್ದವನು. ಕೆಲವು ಸಲ ಅದು ನಿಜವೂ ಇದ್ದೀತು. ಆದರೆ ಹೆಚ್ಚಿನ ಸಲ ಸಾವು ಕಾಣೋದು ಬೆಳಗಿನ ಜಾವ. ವಿಷಕ್ಕೆ ಹಗಲು ರಾತ್ರಿ ಉಂಟೆ?

ಕಾರಣ ನಮಗೆ ಗೊತ್ತಿರುವುದೇ, ಗೊಬ್ಬರ ಹೆಚ್ಚಾಗುವುದು. ನಾವು ಯೂರಿಯಾ, ಡಿಎಪಿ ಎಂದು ದುಡ್ಡು ಕೊಟ್ಟು ತರುವ ಸಾರಜನಕ, ರಂಜಕವೇ ಮೋರಿ ನೀರಿನಲ್ಲಿ, ಬಟ್ಟೆ ಸೋಪಿನ ನೀರಿನಲ್ಲಿ ಕೆರೆಗೆ ಬಂದು ಬೀಳುತ್ತದೆ. ಪಾಚಿ ಹುಲುಸಾಗಿ ಬೆಳೆದು ನೀರು ಹಸಿರಾಗುತ್ತದೆ. ಹಗಲು ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ, ತೊಂದರೆಯಿಲ್ಲ. ರಾತ್ರಿ ಅದೂ ಉಸಿರಾಡಬೇಕಲ್ಲ! ತಳದ ಕೊಳಕನ್ನು ಕರಗಿಸುವ ಸೂಕ್ಷ್ಮಜೀವಿಗಳದ್ದೂ ಅದೇ ಕಥೆ. ಎಲ್ಲರೂ ಉಸಿರೆಳೆದು, ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ಉಳಿಯುವುದು ನೇರ ಗಾಳಿ ಕುಡಿಯಬಲ್ಲವು. ಆಫ್ರಿಕನ್ ಕ್ಯಾಟ್‌ಫಿಶ್ ಅಂಥದ್ದು. ಅದನ್ನು ಸಾಕುವುದಕ್ಕೆ ಸರ್ಕಾರದ ನಿಷೇಧ ಇದೆ, ಕೆರೆಗೆ ಬಂದದ್ದಂತೂ ಬಂದಾಯಿತು. ಅಳಿದುಳಿದ ಸಾಸಲು, ಕಪ್ಪೆ ಎಲ್ಲ ಅದರ ಹೊಟ್ಟೆಗೆ.

ಆಮೇಲೆ ಅಂತರಗಂಗೆ. ಅನುಕೂಲವಿದ್ದರೆ ಎರಡು ವಾರಕ್ಕೆ ಎರಡರಷ್ಟಾಗುವ ಗಿಡ. ಅದು ಕೆರೆ ಮುಚ್ಚಿದರೆ ನೀರೊಳಗೆ ಬೆಳಕಿಲ್ಲ, ಒಳಗಿನ ಜಂಡು ಸಾಯುತ್ತದೆ. ಜಂಡು ಹೋದರೆ ಮೀನಿಗೆ ಮೊಟ್ಟೆಯಿಡಲು ಜಾಗವಿಲ್ಲ. ಸೊಳ್ಳೆಮರಿ ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗೂ ನೆಲೆಯಿಲ್ಲ. ಮುಳುಗಿ ಮೀನು ಹಿಡಿಯುವ ನೀರುಕಾಗೆ ಬೇರೆ ಕೆರೆ ಹುಡುಕುತ್ತದೆ. ದೂರದಿಂದ ನೋಡಿದವರು ಕೆರೆ ಹಸಿರಾಗಿದೆ ಅಂತ ಸಂತೋಷಪಡುತ್ತಾರೆ!

ತಪ್ಪೆಲ್ಲ ಪೇಟೆಯದೇ ಅಂತ ನಾನು ಹೇಳಲಾರೆ. ಬೋರ್‌ವೆಲ್ ಬಂದ ಮೇಲೆ ಕೆರೆಗೆ ಹೋಗುವುದನ್ನು ಬಿಟ್ಟವರು ನಾವೇ. ಬೇಸಿಗೆಯಲ್ಲಿ ಗೋಡು ತೆಗೆದು ರಾಗಿ ಹೊಲಕ್ಕೆ ಹಾಕುತ್ತಿದ್ದಾಗ ಕೆರೆಯ ಗೊಬ್ಬರ ಹೊಲಕ್ಕೆ ವಾಪಸು ಬರುತ್ತಿತ್ತು. ಅದು ನಿಂತಿತು. ರಾಜಕಾಲುವೆ ಅಂಚಿನ ಜಮೀನು ಸೈಟಾದಾಗ ಸಹಿ ಹಾಕಿದವರೂ ನಮ್ಮವರೇ.

ಕೆರೆಗಳದು ಒಂದೇ ಸರಪಳಿ. ಹುಳಿಮಾವಿನ ನೀರು ಮಡಿವಾಳಕ್ಕೆ, ಅಲ್ಲಿಂದ ಅಗರ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ್ದು ಎಲ್ಲರಿಗೂ ಗೊತ್ತು. 2018ರಿಂದ ಈ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ ಕೆರೆ ತುಂಬಿತು, ಅಂತರ್ಜಲ ಏರಿತು, ಅದು ರೈತನಿಗೆ ಸಣ್ಣದಲ್ಲ. ಆದರೆ ಎರಡನೇ ಹಂತದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅಲ್ಲಿನ ಬಂಧುಗಳು ಕೆರೆಯಲ್ಲಿ ಮೊದಲ ಅಂತರಗಂಗೆ ಕಂಡ ದಿನವೇ ಕಿತ್ತುಹಾಕಲಿ. ಹೂ ಬಿಟ್ಟು ಬೀಜ ಬಿದ್ದರೆ ಅದು ವರ್ಷಗಟ್ಟಲೆ ಕೆಸರಲ್ಲಿ ಕಾಯುತ್ತದೆ.

ಕಿತ್ತದ್ದನ್ನು ಗೊಬ್ಬರ ಮಾಡಬಹುದೆ? ಮಳೆನೀರಿನ ಕೆರೆಯದಾದರೆ ಧಾರಾಳವಾಗಿ. ಕಾರ್ಖಾನೆ ನೀರು ಸೇರುವ ಕೆರೆಯದು ಬೇಡ. ಅದರ ಬೇರು ಸೀಸ, ಕ್ಯಾಡ್ಮಿಯಂ ಹೀರಿಟ್ಟುಕೊಂಡಿರುತ್ತದೆ, ಸೊಪ್ಪಿಗೆ ಹಾಕಿದರೆ ಮಕ್ಕಳ ತಟ್ಟೆಗೇ ಬರುತ್ತದೆ.

ಕೃಷಿಹೊಂಡದಲ್ಲಿ ಮೀನು ಬಿಟ್ಟವರು ಆಗಾಗ ಬೆಳಗಿನ ಜಾವ ಐದಕ್ಕೆ ಹೋಗಿ ನೋಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಸಗಣಿ, ಮೇವು ಹಾಕಬೇಡಿ. ಪಂಪು ಹಾಕಿ ಹೊಂಡದ ನೀರನ್ನೇ ಎತ್ತರದಿಂದ ಚಿಮ್ಮಿ ಬೀಳುವಂತೆ ಮಾಡಿ, ಬಿಸಿಲೇರುವ ತನಕ.