ಮನೆಯ ಸರ್ವರಿಗೆ ಹೆಸರು ಜೋಡಿಸುವ ಮುನ್ನ

ಪಂಚನಹಳ್ಳಿಯ ಮನೆಯಲ್ಲೇ ಸರ್ವರ್ ಇಟ್ಟು, ಕೊಬ್ಬರಿ ಮಾರಲು ಜಾಲತಾಣ ನಡೆಸುವ ಆಸೆಯೇ? ಒಳ್ಳೆಯದು. ಡೊಮೈನನ್ನು ನಿಮ್ಮ ಹೆಸರಲ್ಲೇ ನೋಂದಾಯಿಸಿ. ತಾಣ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ. ‘.ಇನ್’ ಅಲ್ಲದೆ ಕನ್ನಡ ಲಿಪಿಯ ‘.ಭಾರತ’ವೂ ಉಂಟು.

ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವುದು ‘ಎ’ ರೆಕಾರ್ಡ್. ಐಪಿವಿ6 ಆದರೆ ‘ಎಎಎಎ’. ಅದಕ್ಕೂ ಮೊದಲು ಬ್ರಾಡ್‌ಬ್ಯಾಂಡ್‌ನವರನ್ನು ಸ್ಥಿರವಾದ ಸಾರ್ವಜನಿಕ ಐಪಿ ಕೊಡುತ್ತೀರಾ ಎಂದು ಕೇಳಿ. ಹಲವು ಮನೆಗಳಿಗೆ ಒಂದೇ ಐಪಿವಿ4 ವಿಳಾಸ ಹಂಚಿದ್ದರೆ ಹೊರಗಿನವರು ಅದರ ಮೂಲಕ ನಿಮ್ಮ ಸರ್ವರನ್ನು ನೇರವಾಗಿ ತಲುಪಲಾರರು. ವಿಳಾಸ ಆಗಾಗ ಬದಲಾಗುತ್ತಿದ್ದರೆ ಡೈನಾಮಿಕ್ ಡಿಎನ್‌ಎಸ್ ಬಳಸಿ, ಟಿಟಿಎಲ್ (ಹಳೆಯ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ.

ಸರ್ವರ್ ಮನೆಯಲ್ಲಿರಲಿ, ಈ ರೆಕಾರ್ಡ್‌ಗಳನ್ನು ಹೇಳುವ ನೇಮ್‌ಸರ್ವರ್ ಮಾತ್ರ ಬೇಡ. ಅದೂ ಮನೆಯಲ್ಲೇ ಇದ್ದರೆ, ಕರೆಂಟ್ ಹೋದಾಗ ಆ ಹೆಸರಿನ ಇಮೇಲ್ ಕೂಡ ನಿಂತೀತು. ಡೊಮೈನ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಿ.