ಕಡಲಿನ ಬೈಗೆ ಮೀನಿನ ದಾಸ್ತಾನನ್ನು ಅಂದಾಜು ಮಾಡುವ ಕ್ರಮವೂ ನಮ್ಮ ಕೆರೆಗಳಿಗೆ ಅದರ ಉಪಯೋಗವೂ

ಕಲಬುರಗಿ ಸೀಮೆಯ ಗ್ರಾಮಪ್ರಮುಖರಿಗೂ ಭೂಮಾಲೀಕರಿಗೂ ಕಡಲಿನ ಮೀನಿನ ವಿಚಾರವನ್ನು ಹೇಳಹೊರಡುವುದು ಮೊದಲ ನೋಟಕ್ಕೆ ಅಪ್ರಸ್ತುತವೆಂದು ತೋರಬಹುದು. ಈ ಸೀಮೆಯು ತೊಗರಿಗೂ ಜೋಳಕ್ಕೂ ಪ್ರಸಿದ್ಧವಾದುದು. ಕಮಲಾಪುರವು ಕೆಂಪು ಬಾಳೆಗೆ ಹೆಸರಾದುದು. ಸಮುದ್ರತೀರವಾದರೋ ಇಲ್ಲಿಂದ ನೂರಾರು ಕಿಲೋಮೀಟರು ದೂರವಿರುವುದು. ಆದರೂ ಕಮಲಾಪುರದ ಕಡೆಯ ಬೆಳಕೋಟದ ಗಂಡೋರಿ ನಾಲಾ ಜಲಾಶಯ, ಹೇರೂರಿನ ಬಳಿಯ ಬೆಣ್ಣೆತೊರೆ ಜಲಾಶಯ, ಮತ್ತು ಊರೂರಿನ ಕೆರೆಗಳು, ಇವುಗಳ ನೀರನ್ನು ಕುರಿತು ಯೋಚಿಸುವವರಿಗೆಲ್ಲ ಎರಡು ಪ್ರಶ್ನೆಗಳು ಎದುರಾಗುವುವು. ಕಣ್ಣಿಗೆ ಕಾಣದ ಈ ನೀರಿನೊಳಗೆ ಎಷ್ಟು ಮೀನು ಇರುವುದು? ಅದರಲ್ಲಿ ಎಷ್ಟನ್ನು ತೆಗೆದರೆ ಮುಂದಿನ ಸಾಲಿಗೆ ಕೊರತೆಯಾಗದು? ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗಳನ್ನು ಬಹುಕಾಲದಿಂದ ಕೇಳುತ್ತ ಬಂದಿರುವುದು ಕರಾವಳಿಯಲ್ಲಿ. ಅದರಲ್ಲಿಯೂ ಬೈಗೆ ಎಂಬ ಒಂದು ಗೇಣಿಗಿಂತ ಕಿರಿದಾದ ಮೀನಿನ ವಿಷಯದಲ್ಲಿ. ಆದುದರಿಂದ ಮೊದಲು ಅಲ್ಲಿಯ ಅನುಭವವನ್ನು ತಿಳಿದುಕೊಂಡು, ಬಳಿಕ ನಮ್ಮ ಕೆರೆಯ ಏರಿಗೆ ಮರಳುವುದು ಒಳ್ಳೆಯದು.

ಬೈಗೆಯನ್ನು ತುಳುವರು ಬೂತಾಯಿ ಎಂತಲೂ ಕೊಂಕಣಿಗರು ತಾರ್ಲೆ ಎಂತಲೂ ಕರೆಯುವರು. ಇದೂ, ಇದರ ನೆರೆಯಾದ ಬಂಗುಡೆಯೂ ನೀರಿನ ಮೇಲ್ಪದರದಲ್ಲಿ ದೊಡ್ಡ ಹಿಂಡುಗಳಾಗಿ ಸಂಚರಿಸುವ ಮೀನುಗಳು. ಮುಂಗಾರಿನ ಕಾಲದಲ್ಲಿ ಕಡಲಿನ ಆಳದ ತಣ್ಣೀರು ತೀರದ ಬಳಿ ಮೇಲಕ್ಕೆ ಉಕ್ಕಿಬರುವುದು. ಆ ನೀರಿನಲ್ಲಿರುವ ಸತ್ತ್ವವು ಹೊಲಕ್ಕೆ ಹಾಕಿದ ಗೊಬ್ಬರದಂತೆ ಕೆಲಸ ಮಾಡಿ, ಬರಿಗಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳನ್ನು ಹೇರಳವಾಗಿ ಬೆಳೆಯಿಸುವುದು. ಬೈಗೆಯು ಅದನ್ನೇ ಮೇಯುವುದು. ಇದು ಮೊಟ್ಟೆಯಿಡುವುದೂ ಮುಖ್ಯವಾಗಿ ಅದೇ ಮಳೆಗಾಲದಲ್ಲಿಯೇ. ಮೊದಲ ವರ್ಷದ ಕೊನೆಯ ಸುಮಾರಿಗೆ 15 ಸೆಂಟಿಮೀಟರಿನಷ್ಟು ಬೆಳೆದು ಪ್ರೌಢವಾಗುವುದು. ಎರಡು ಎರಡೂವರೆ ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಮದ್ರಾಸು ಸರ್ಕಾರದ ಮೀನುಗಾರಿಕೆಯ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಎಂಬವರು 1923ರಷ್ಟು ಹಿಂದೆಯೇ ಈ ಮೀನಿನ ಜೀವನಕ್ರಮವನ್ನು ಶೋಧಿಸಿ ಬರೆದಿಟ್ಟರು. ಆಗ ದಕ್ಷಿಣ ಕನ್ನಡವು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದಿತು. ಅಲ್ಲಿಯೂ ಮಲಬಾರಿನಲ್ಲಿಯೂ ಬೈಗೆಯಿಂದ ಎಣ್ಣೆಯನ್ನು ತೆಗೆದು, ಉಳಿದ ಹಿಂಡಿಯನ್ನು ತೋಟಗಳಿಗೆ ಗೊಬ್ಬರವಾಗಿ ಮಾರುತ್ತಿದ್ದರು.

ಇಷ್ಟು ಅಲ್ಪಾಯುಷ್ಯದ ಪ್ರಾಣಿಯ ಸಂಪತ್ತು ಮಳೆಯಾಶ್ರಯದ ಹೊಲದಂತೆಯೇ ಇರುವುದು. ಹಳೆಯ ದಾಸ್ತಾನೆಂಬುದು ಅದಕ್ಕೆ ಬಹಳವಾಗಿ ಇಲ್ಲ. ಒಂದು ಸಾಲಿನ ಮರಿಗಳು ಕೆಟ್ಟರೆ ಮರುಸಾಲಿನಲ್ಲಿಯೇ ಬಲೆಯು ಬರಿದಾಗುವುದು. ನೆರೆಯ ಕೇರಳದಲ್ಲಿ 2012ನೆಯ ಇಸವಿಯಲ್ಲಿ ಸುಮಾರು 3.9 ಲಕ್ಷ ಟನ್ನು ಬೈಗೆಯು ದಡಕ್ಕೆ ಬಂದಿತು. 2021ರಲ್ಲಿ ಬಂದುದು 3,297 ಟನ್ನು ಮಾತ್ರ. 1994ರ ಬಳಿಕ ಅಷ್ಟು ಕಡಿಮೆಯನ್ನು ಯಾರೂ ಕಂಡಿರಲಿಲ್ಲ. ಪುನಃ 2023ರಲ್ಲಿ ಅದು ಸುಮಾರು 1.38 ಲಕ್ಷ ಟನ್ನಿಗೆ ಏರಿತು. ಭೂಮಾಲೀಕರು ಈ ಅಂಕೆಗಳನ್ನು ತಮ್ಮ ಹೊಲದ ಹುಟ್ಟುವಳಿಯಾಗಿ ಭಾವಿಸಿಕೊಂಡು ಓದಬೇಕು. ನೂರು ಚೀಲ ಬೆಳೆದ ಭೂಮಿಯಲ್ಲಿ ಒಂಬತ್ತು ವರ್ಷಗಳ ತರುವಾಯ ಒಂದು ಚೀಲವೂ ತುಂಬದೆ ಹೋದರೆ ಮನೆಯ ಗತಿಯೇನು? ಕರಾವಳಿಯ ಎಷ್ಟೋ ಮನೆಗಳಿಗೆ ಬಂದುದು ಇಂತಹ ಕಾಲವೇ.

ಇಂತಹ ಇಳಿತವು ಕಂಡಾಗಲೆಲ್ಲ ಎರಡು ಪಕ್ಷಗಳು ಹುಟ್ಟುವುವು. ಮಿತಿಮೀರಿ ಹಿಡಿದುದೇ ಕಾರಣವೆಂದು ಒಂದು ಪಕ್ಷ. ಕಡಲಿನ ಗುಣವೇ ಬದಲಾಯಿತೆಂದು ಇನ್ನೊಂದು. 1943ರಲ್ಲಿ ಮದ್ರಾಸು ಸರ್ಕಾರವು ಮೊದಲ ಪಕ್ಷವನ್ನು ನಂಬಿ ಕೆಲವು ಬಲೆಗಳನ್ನೂ ಎಳೆಯ ಬೈಗೆಯ ಹಿಡಿತವನ್ನೂ ನಿರ್ಬಂಧಿಸಿತು. ಕೆಲವು ವರ್ಷಗಳೊಳಗೆ ಆ ನಿರ್ಬಂಧವು ಹಿಂದಕ್ಕೆ ಹೋಯಿತು. ದಕ್ಷಿಣ ಅಮೇರಿಕೆಯ ಪೆರು ದೇಶದಲ್ಲಿ ಇದೇ ಬಗೆಯ ಆಂಚೋವಿ ಮೀನನ್ನು 1970ರಲ್ಲಿ 120 ಲಕ್ಷ ಟನ್ನಿಗೂ ಮಿಗಿಲಾಗಿ ಹಿಡಿದರು. 1972ರಲ್ಲಿ ಎಲ್ ನಿನ್ಯೋ ಎಂಬ ಬೆಚ್ಚನೆಯ ನೀರಿನ ಪ್ರಕೋಪವು ಬಂದಾಗ ಆ ವ್ಯವಸಾಯವು ಕುಸಿದುಬಿದ್ದಿತು. ಅಲ್ಲಿ ಎರಡೂ ಪಕ್ಷಗಳು ನಿಜವಾಗಿದ್ದುವು. ಕಡಲು ಮುನಿದುದೂ ಹೌದು. ಮುನಿದ ವರ್ಷದಲ್ಲಿ ತಾಳಿಕೊಳ್ಳುವಷ್ಟು ತಾಯಿಮೀನನ್ನು ಉಳಿಸದಿದ್ದುದೂ ಹೌದು.

ಹಾಗಾದರೆ ಅಳೆಯುವುದು ಹೇಗೆ? ಇಲ್ಲಿ ನಮ್ಮ ರೈತರಿಗೆ ಪರಿಚಿತವಾದ ದಾರಿಯೇ ನೆರವಾಗುವುದು. ಹಿಂದೆ ಬೆಳೆಯನ್ನು ಕಣ್ಣಂದಾಜಿನಿಂದ ಆಣೆವಾರಿ ಕಟ್ಟುತ್ತಿದ್ದರು. ಅದರಲ್ಲಿ ಅಧಿಕಾರಿಯ ದೃಷ್ಟಿಯೂ ರೈತನ ದೈನ್ಯವೂ ಬೆರೆತಿರುತ್ತಿದ್ದುವು. ಈಗಿನ ಬೆಳೆ ಕಟಾವು ಪ್ರಯೋಗದಲ್ಲಿ ಚೀಟಿ ಎತ್ತಿದಂತೆ ಯಾವುದೋ ಹೊಲ, ಅದರಲ್ಲಿ ಯಾವುದೋ ಒಂದು ಅಳತೆಯ ತುಂಡು ಗೊತ್ತಾಗಿ, ಅದನ್ನು ಕೊಯ್ದು ತೂಗಿ, ಅದರಿಂದ ಇಡೀ ಪ್ರದೇಶದ ಹುಟ್ಟುವಳಿಯನ್ನು ಲೆಕ್ಕ ಹಾಕುವರು. 1947ರಲ್ಲಿ ಸ್ಥಾಪಿತವಾಗಿ, ಈಗ ಕೊಚ್ಚಿಯಲ್ಲಿ ಮುಖ್ಯ ಕಚೇರಿಯನ್ನೂ ಮಂಗಳೂರಿನಲ್ಲಿ ಒಂದು ಕೇಂದ್ರವನ್ನೂ ಹೊಂದಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕಡಲಿನಲ್ಲಿ ಮಾಡುವುದೂ ಇದನ್ನೇ. ಎಲ್ಲ ಬಂದರುಗಳಲ್ಲಿ ಎಲ್ಲ ದಿನವೂ ನಿಂತು ತೂಗುವುದು ಅಸಾಧ್ಯ. ಆದುದರಿಂದ ತೀರವನ್ನು ವಿಭಾಗಗಳಾಗಿ ಮಾಡಿ, ಮೀನು ಇಳಿಯುವ ಕೆಲವು ಸ್ಥಳಗಳನ್ನೂ ಕೆಲವು ದಿನಗಳನ್ನೂ ಪಕ್ಷಪಾತವಿಲ್ಲದೆ ಆರಿಸಿ, ಆ ದಿನ ಬಂದ ದೋಣಿಗಳಲ್ಲಿ ಕೆಲವದರ ಮೀನನ್ನು ಜಾತಿವಾರು ಬರೆದುಕೊಂಡು, ತಿಂಗಳ ಮೊತ್ತವನ್ನು ಕಟ್ಟುವರು.

ಆದರೆ ದಡಕ್ಕೆ ಬಂದುದು ಬೆಳೆಯ ರಾಶಿಯಷ್ಟೆ. ನೀರಿನಲ್ಲಿ ಉಳಿದುದು ಎಷ್ಟೆಂಬುದನ್ನು ಅದು ಹೇಳುವುದಿಲ್ಲ. ಇದು ಈ ಶಾಸ್ತ್ರದ ಬಹು ಸೂಕ್ಷ್ಮವಾದ ಭಾಗವಾಗಿದ್ದು, ಕೆರೆಗಳನ್ನು ಗುತ್ತಿಗೆಗೆ ಕೊಡುವ ವಿಚಾರದಲ್ಲಿ ಮಾತನಾಡುವವರು ಇದನ್ನು ಅವಶ್ಯವಾಗಿ ಗಮನಿಸತಕ್ಕದ್ದು. ಹಗೇವಿನಿಂದ ದಿನಕ್ಕೆ ಒಂದು ಚೀಲ ಜೋಳ ಮೇಲಕ್ಕೆ ಬರುತ್ತಿದೆಯೆಂದ ಮಾತ್ರಕ್ಕೆ ಹಗೇವು ತುಂಬಿದೆಯೆಂದು ಹೇಳಲಾಗದು. ತಳವನ್ನು ಬಳಿದು ತರುತ್ತಿರುವ ದಿನವೂ ಒಂದು ಚೀಲವೇ ಬರಬಹುದು. ಆದಕಾರಣ ಎಷ್ಟು ಹಿಡಿದರೆಂಬುದರ ಜತೆಗೆ ಎಷ್ಟು ದುಡಿದು ಹಿಡಿದರೆಂಬುದನ್ನೂ ಬರೆಯಬೇಕು. ದೋಣಿ ಎಷ್ಟು, ಬಲೆ ಎಷ್ಟು ಸಲ ಬಿದ್ದಿತು, ಎಷ್ಟು ಗಂಟೆ ಹುಡುಕಿದರು ಎಂಬುದನ್ನು ಬರೆದು, ಹಿಡಿತವನ್ನು ದುಡಿಮೆಯಿಂದ ಭಾಗಿಸಿದರೆ ಬರುವ ಅಂಕೆಯು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ದಾಸ್ತಾನು ಕರಗುತ್ತಿದೆಯೆಂದು ಶಂಕಿಸಲು ಅವಕಾಶವಿರುವುದು.

ಅಲ್ಲಿಯೂ ಒಂದು ತೊಡಕಿದೆ. ನಮ್ಮ ಕರಾವಳಿಯಲ್ಲಿ ಹಿಂದೆ ರಂಪಣಿ ಎಂಬ ಮಹಾಬಲೆಯಿದ್ದಿತು. ಹಿಂಡು ತಾನಾಗಿ ದಡದ ಹತ್ತಿರಕ್ಕೆ ಬಂದಾಗ, ಹತ್ತಾರು ಮನೆಗಳ ಜನರು ಕೂಡಿ ಅದನ್ನು ಬಳಸಿ ಬಲೆಯನ್ನು ಎಳೆದು, ಬಂದುದನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಹಿಂಡುಗಳು ಕಡಮೆಯಾದ ವರ್ಷ ರಂಪಣಿಗೂ ಕಡಮೆಯೇ ಬೀಳುತ್ತಿದ್ದಿತು. ಅಂದರೆ ಅದು ಕಡಲಿನ ಒಂದು ಅಳತೆಗೋಲಾಗಿದ್ದಿತು. 1970ರ ದಶಕದ ಮಧ್ಯಭಾಗದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಎಂಬ ಸುತ್ತುಬಲೆಯನ್ನು ತಂದುವು. ಇವು ಹಿಂಡಿಗಾಗಿ ಕಾಯುವುದಿಲ್ಲ, ಹುಡುಕಿಕೊಂಡು ಹೋಗುವುವು. ಬೈಗೆಯ ಸ್ವಭಾವವಾದರೋ ಸಂಖ್ಯೆ ಕುಗ್ಗಿದರೂ ಗುಂಪಾಗಿಯೇ ಇರುವುದು. ಹತ್ತು ಹಿಂಡು ಮೂರಾದರೂ, ಆ ಮೂರನ್ನು ಕಂಡುಹಿಡಿದ ದೋಣಿಯು ತುಂಬಿಯೇ ಬರುವುದು. ಹೀಗಾಗಿ ದೋಣಿಯೊಂದರ ಹಿಡಿತವು ಕೊನೆಯವರೆಗೂ ಚೆನ್ನಾಗಿದ್ದು ಒಮ್ಮೆಗೇ ನಿಂತುಹೋಗಬಹುದು. ರಂಪಣಿಯು ಮರೆಯಾದುದರಿಂದ ಪಾಲು ಕಳೆದುಕೊಂಡ ಜನರ ಮಾತು ಹಾಗಿರಲಿ, ಲೆಕ್ಕ ಬರೆಯುವವನೂ ಅದರಿಂದ ಒಂದು ಒಳ್ಳೆಯ ಸಾಕ್ಷಿಯನ್ನು ಕಳೆದುಕೊಂಡನೆಂದು ನಮ್ಮ ಅಭಿಪ್ರಾಯ.

ಈ ಕಾರಣದಿಂದ ಎರಡನೆಯ ಸಾಕ್ಷಿಯನ್ನು ಮೀನಿನ ಮೈಯಿಂದಲೇ ಪಡೆಯುವರು. ಬಂದರಿನಲ್ಲಿ ಬುಟ್ಟಿಯಿಂದ ಆಯದೆ ಎತ್ತಿದ ಮೀನುಗಳನ್ನು ಪಟ್ಟಿಯ ಮೇಲಿಟ್ಟು ಉದ್ದವನ್ನು ಬರೆಯುವರು. ಹೊಟ್ಟೆಯನ್ನು ಸೀಳಿ ಮೊಟ್ಟೆ ಬಲಿತಿದೆಯೇ ಎಂದು ನೋಡುವರು. ವಯಸ್ಸನ್ನು ತಿಳಿಯಲು ಕಿವಿಯೊಳಗಿನ ಕಿರುಗಲ್ಲಿನ ಉಂಗುರಗಳನ್ನೂ ಪರೀಕ್ಷಿಸುವರು. ಬಲೆಯಲ್ಲಿ ದೊಡ್ಡ ಮೀನು ವಿರಳವಾಗಿ, ಮೊಟ್ಟೆಯಿಡದ ಎಳೆಯವೇ ತುಂಬುತ್ತಿದ್ದರೆ, ಮೊತ್ತವು ಎಷ್ಟೇ ಇದ್ದರೂ ಬಿತ್ತನೆಯ ಬೀಜವನ್ನು ಬೀಸಿ ತಿನ್ನುತ್ತಿದ್ದಾರೆಂದು ತಿಳಿಯತಕ್ಕದ್ದು. ಇವಲ್ಲದೆ ಶಬ್ದದ ಅಲೆಗಳನ್ನು ನೀರಿನೊಳಕ್ಕೆ ಕಳುಹಿಸಿ ಹಿಂಡುಗಳನ್ನು ಅಳೆಯುವ ವಿಧಾನವೊಂದುಂಟು. 1971ರಲ್ಲಿ ಕೊಚ್ಚಿಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಆರಂಭವಾದ ಯೋಜನೆಯಲ್ಲಿ ಅದನ್ನು ನಮ್ಮ ಕಡಲಿನಲ್ಲಿ ಪ್ರಯೋಗಿಸಿದರು. ನಮಗೆ ನೆರೆಯಾದ ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಸಾಗರ ಮಾಹಿತಿ ಕೇಂದ್ರವು ಉಪಗ್ರಹಗಳ ಮೂಲಕ ನೀರಿನ ಶಾಖವನ್ನೂ ಹಸುರನ್ನೂ ನೋಡಿ, ಮೀನು ದೊರೆಯಬಹುದಾದ ತಾಣಗಳನ್ನು ಮೀನುಗಾರರಿಗೆ ಸೂಚಿಸುವುದು.

ಸಾಕ್ಷಿಗಳೆಲ್ಲವೂ ಕೂಡಿದರೂ ಕಾರಣವು ಪೂರ್ಣವಾಗಿ ನಿಶ್ಚಯವಾಗುವ ತನಕ ಕಾಯಲಾಗದು. ಆದ್ದರಿಂದ ಕಡಲು ಹೇಗೇ ಇರಲಿ ಹಾನಿಯಾಗದಂತಹ ನಿಯಮಗಳನ್ನು ಮುಂಚಿತವಾಗಿಯೇ ಇಟ್ಟುಕೊಳ್ಳುವರು. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯಕೂಡದು. ಬೈಗೆಯು ಮೊಟ್ಟೆಯಿಡುವ ಕಾಲದ ದೊಡ್ಡ ಭಾಗವು ಇದರಲ್ಲಿ ಸೇರಿರುವುದು. ಕೇರಳವು 2015ರಲ್ಲಿ ಬೈಗೆಗೆ 10 ಸೆಂಟಿಮೀಟರು, ಬಂಗುಡೆಗೆ 14 ಸೆಂಟಿಮೀಟರು ಎಂದು ಕನಿಷ್ಠ ಉದ್ದವನ್ನು ಗೊತ್ತುಮಾಡಿತು. 10 ಸೆಂಟಿಮೀಟರಿನ ಬೈಗೆಯು ಇನ್ನೂ ಪ್ರೌಢವಾಗಿರುವುದಿಲ್ಲವಾದುದರಿಂದ ಈ ಮಿತಿಯು ಶಾಸ್ತ್ರಕ್ಕೂ ಮೀನುಗಾರನ ಹೊಟ್ಟೆಗೂ ನಡುವೆ ಆದ ರಾಜಿಯೆನ್ನಬೇಕು. ರಾಜಿಯಾದರೂ, ನಡೆಸಿಕೊಂಡು ಬಂದರೆ ಪ್ರಯೋಜನವಿಲ್ಲದಿಲ್ಲ.

ಇನ್ನು ಕೆರೆಗೆ ಬರೋಣ. ಕೆರೆಗಳಲ್ಲಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಎಂಬ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಮೊಟ್ಟೆಯಿಡಿಸಿದ ಮೇಲೆಯೇ ಇವುಗಳ ಮರಿಯು ಎಲ್ಲೆಡೆ ದೊರೆಯುವಂತಾಯಿತು. ಕಡಲಿನ ಬೈಗೆಯು ತಾನಾಗಿ ಉದುರಿ ಮೊಳೆಯುವ ಹುಲ್ಲಿನಂತೆ, ಕೆರೆಯ ಮೀನು ಬಿತ್ತಿದ ತೊಗರಿಯಂತೆ. ಬಿಟ್ಟುದೆಷ್ಟೆಂಬುದು ಗೊತ್ತಿರುವುದರಿಂದ ಉಳಿದುದೆಷ್ಟೆಂಬುದನ್ನು ತಿಳಿಯುವುದು ಇಲ್ಲಿ ಬಹು ಸುಲಭ. ಅದಕ್ಕೊಂದು ಉಪಾಯವನ್ನು ಹೇಳುವೆವು. ಬೇಸಗೆಯ ಮೊದಲಲ್ಲಿ ಬೀಸುಬಲೆಯಿಂದ 150 ಮೀನುಗಳನ್ನು ನೋಯಿಸದೆ ಹಿಡಿದು, ಒಂದು ರೆಕ್ಕೆಯ ತುದಿಯನ್ನು ಸ್ವಲ್ಪ ಕತ್ತರಿಸಿ, ತಡಮಾಡದೆ ನೀರಿಗೆ ಬಿಡಬೇಕು. ಅವು ಕೆರೆಯಲ್ಲೆಲ್ಲ ಬೆರೆಯುವಂತೆ ಕೆಲವು ದಿನ ಕಳೆದ ಮೇಲೆ, ಬೇರೆ ಬೇರೆ ಕಡೆಗಳಲ್ಲಿ ಬಲೆ ಬೀಸಿ 300 ಮೀನು ಹಿಡಿಯಬೇಕು. ಅವುಗಳಲ್ಲಿ ಗುರುತಿನವು 15 ಬಂದರೆ, ಇಪ್ಪತ್ತಕ್ಕೆ ಒಂದು ಗುರುತಿನದೆಂದಾಯಿತು. ಆದುದರಿಂದ ಕೆರೆಯಲ್ಲಿರುವುದು ಸುಮಾರು 3,000 ಮೀನು. ಸರಾಸರಿ ತೂಕವು 400 ಗ್ರಾಮಿದ್ದರೆ 1,200 ಕಿಲೋ. ಈ ನಡುವೆ ಹೊಸ ಮರಿಯನ್ನು ಬಿಡಕೂಡದು, ತೂಬಿನ ಮೂಲಕ ಮೀನು ಹೊರಹೋಗಕೂಡದು. ಇಲ್ಲವಾದರೆ ಲೆಕ್ಕವು ಕೆಡುವುದು. ಡೆನ್ಮಾರ್ಕಿನ ಪೀಟರ್ಸನ್ನನ ಹೆಸರಿನಿಂದ ಪ್ರಸಿದ್ಧವಾದ ಈ ಯುಕ್ತಿಯು ಅಪಾರವಾದ ಕಡಲಿನಲ್ಲಿ ಬೈಗೆಗೆ ಕಷ್ಟಸಾಧ್ಯ, ನಮ್ಮ ಕೆರೆಗೆ ಸರಿಯಾಗಿ ಒಪ್ಪುವುದು.

ಈ ಅಂಕೆಯಿಲ್ಲದೆ ಕೆರೆಯನ್ನು ಹರಾಜು ಮಾಡಿದರೆ ಮಾರುವವನೂ ಕೊಳ್ಳುವವನೂ ಕತ್ತಲೆಯಲ್ಲಿ ಬೆಲೆ ಕಟ್ಟಿದಂತಾಗುವುದು. ಹೆಚ್ಚು ಬೆಲೆ ಕೂಗಿದ ಗುತ್ತಿಗೆದಾರನು, ಕೋರಿನ ಕೊನೆಯ ವರ್ಷದಲ್ಲಿ ಗೊಬ್ಬರ ಹಾಕದ ಸಾಗುವಳಿದಾರನಂತೆ, ಕೊನೆಯ ಸಾಲಿನಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಪಾವು ತೂಗದ ಮರಿಯನ್ನೂ ಬಳಿದೊಯ್ಯುವನು. ನಷ್ಟವಾಗುವುದು ಮುಂದೆ ಬಲೆ ಹಿಡಿದು ಬರುವ ಅಂಬಿಗರ, ಕಬ್ಬಲಿಗರ ಮನೆಗಳಿಗೆ. ಆದ್ದರಿಂದ ಗುತ್ತಿಗೆಯ ಕರಾರಿನಲ್ಲಿಯೇ ಬಲೆಯ ಕಣ್ಣಿನ ಅಳತೆಯನ್ನೂ, ಹಿಡಿಯಬಹುದಾದ ಮೀನಿನ ಕನಿಷ್ಠ ತೂಕವನ್ನೂ ಬರೆಯಿಸುವಂತೆ ಗ್ರಾಮಪ್ರಮುಖರು ಸಂಬಂಧಪಟ್ಟ ಅಧಿಕಾರಿಗಳನ್ನು ಕೇಳತಕ್ಕದ್ದು. ಮರಿ ಬಿಡುವಾಗಲೂ ಬೆರಳುದ್ದದ ಎಳೆಯವುಗಳಿಗಿಂತ 10 ಸೆಂಟಿಮೀಟರು ಮೀರಿದವುಗಳೇ ಹೆಚ್ಚು ಬದುಕುವುವು. ಸಂಖ್ಯೆಯು ಅರ್ಧವಾದರೂ ಅವೇ ಲಾಭ.

ಲೆಕ್ಕದ ಪುಸ್ತಕಕ್ಕೆ ನಾಲ್ಕೇ ಮನೆಗಳು ಸಾಕು: ತಾರೀಖು, ಬಲೆ ಎಷ್ಟು ಸಲ ಬಿದ್ದಿತು, ಒಟ್ಟು ತೂಕ, ಆಯದೆ ಎತ್ತಿದ ಇಪ್ಪತ್ತು ಮೀನುಗಳ ಉದ್ದ. ಕಡುಬೇಸಗೆಯಲ್ಲಿ ನೀರು ಕುಗ್ಗಿ ಮೀನು ಒತ್ತಾಗುವುದರಿಂದ ಆ ತಿಂಗಳುಗಳಲ್ಲಿ ಹಿಡಿತವು ತಾನಾಗಿ ಏರುವುದು. ಅದನ್ನು ದಾಸ್ತಾನಿನ ವೃದ್ಧಿಯೆಂದು ಭ್ರಮಿಸದಂತೆ ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟವನ್ನು ನೋಡಿ ಅದೇ ಸಾಲಿನಲ್ಲಿ ಬರೆದಿಡಬೇಕು.